ಇಮ್ಮಡಿ ರತ್ನಮ್ಮ

ಎಂ.ಎ. ಎರಡನೆಯ ವರ್ಷದಲ್ಲಿ ಒಂದು ಪತ್ರಿಕೆಗೆ ಪರೀಕ್ಷೆ ಬರೆಯುವ ಬದಲು ಕಿರುಪ್ರಬಂಧ ಒಪ್ಪಿಸಬಹುದು ಎಂಬ ಅನುಕೂಲ ನಮ್ಮ ಕಾಲಕ್ಕೆ ಇತ್ತು. ಅದಕ್ಕೆ ಕೈಚಾಚುತ್ತಿದ್ದವರು ಬಹುಪಾಲು ಆ ಪತ್ರಿಕೆಗೆ ಹೆದರಿದವರೇ. ಸಂಶೋಧನೆಯ ಮೇಲಿನ ಪ್ರೀತಿಯಿಂದ ಬಂದವರೂ ಇದ್ದಿರಬಹುದು. ನಮ್ಮ ಹಾಸ್ಟೆಲಿನ ಕಡೆ ಅಂಥವರು ಕಾಣಿಸಲಿಲ್ಲ. ವಿಷಯ ಆರಿಸುವುದಕ್ಕೂ ಒಂದು ಸಂಪ್ರದಾಯವಿತ್ತು. ಹುಡುಗನ ತಾಲ್ಲೂಕು ಯಾವುದೆಂದು ಕೇಳುವುದು, ಅದರ ಹೆಸರಿನ ಮುಂದೆ 'ದೇವಾಲಯಗಳು: ಒಂದು ಅಧ್ಯಯನ' ಎಂದು ಸೇರಿಸುವುದು. ದೇವಾಲಯಗಳನ್ನು ಯಾರಾದರೂ ಆಗಲೇ ಮುಗಿಸಿದ್ದರೆ ಕೆರೆಗಳು. ಕೆರೆಯೂ ಹೋಗಿದ್ದರೆ ಗ್ರಾಮದೇವತೆಗಳು. ತಡವಾಗಿ ಬಂದವರ ಪಾಲಿಗೆ ಸ್ಥಳನಾಮಗಳು. ಹೀಗೆ ಹಳೆಯ ಮೈಸೂರಿನ ತಾಲ್ಲೂಕುಗಳೆಲ್ಲ ವರ್ಷವರ್ಷವೂ ಒಂದಲ್ಲ ಒಂದು ಕಡೆಯಿಂದ ಅಧ್ಯಯನಕ್ಕೆ ಒಳಗಾಗುತ್ತಿದ್ದವು. ಪಾಪ, ಅವುಗಳಿಗೆ ಅದರ ಸುಳಿವೇ ಇರಲಿಲ್ಲ.

ನನಗೆ ಹಿಡಿದಿದ್ದು ಶಾಸನಗಳ ಹುಚ್ಚು. ಅದನ್ನು ಹಿಡಿಸಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಮಹಾನುಭಾವರು ಮೊದಲು ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರು. ಸರ್ಕೀಟಿಗೆ ಊರೂರು ಸುತ್ತುವಾಗ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲುಗಳ ಬರಹ ಅವರ ಕಣ್ಣಿಗೆ ಬಿತ್ತು. ಹುಡುಗರ ಹಾಜರಿ ನೋಡಿ, ಎರಡು ಲೆಕ್ಕ ಕೇಳಿ, ಮುಂದಿನೂರಿಗೆ ಹೋಗಿದ್ದರೆ ಯಾರ ಆಕ್ಷೇಪಣೆಯೂ ಇರುತ್ತಿರಲಿಲ್ಲ, ಸಂಬಳವೂ ನಿಲ್ಲುತ್ತಿರಲಿಲ್ಲ. ಅವರು ಕಲ್ಲು ಓದಲು ಕೂತರು. 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಬಂತು. 1886ರಲ್ಲಿ ಕೊಡಗಿನ ಶಾಸನಗಳಿಂದ 'ಎಪಿಗ್ರಾಫಿಯ ಕರ್ನಾಟಿಕ' ಶುರುವಾಗಿ 12 ಸಂಪುಟಗಳಾಗಿ ಬೆಳೆಯಿತು; ಸುಮಾರು 9,000 ಶಾಸನಗಳು ಅದರೊಳಗೆ ಸೇರಿದವು. ಲೈಬ್ರರಿಯ ಮೂಲೆಯಲ್ಲಿ ಆ ದಪ್ಪ ಸಂಪುಟಗಳನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲೆ ಇಳಿಸುವಾಗ ಆಗುತ್ತಿದ್ದ ಸದ್ದಿಗೆ ಸುತ್ತಲಿನವರು ತಲೆಯೆತ್ತಿ ನೋಡುತ್ತಿದ್ದರು. ಆ ನೋಟದ ಸುಖಕ್ಕಾಗಿಯೂ ನಾನು ಕೆಲವು ಸಲ ಅವನ್ನು ತಂದದ್ದುಂಟು.

ಓದುತ್ತ ಹೋದಂತೆ ರಾಜರ ಮೇಲಿನ ಆಸಕ್ತಿ ಕರಗಿತು. ಬಿರುದುಗಳ ಸಾಲು ದಾಟಿದ ಮೇಲೆ ಬರುವ ಮಂದಿ ನನಗೆ ಹೆಚ್ಚು ಹತ್ತಿರವಾದರು: ನಂದಾದೀವಿಗೆಯ ಎಣ್ಣೆಗೆಂದು ಒಂದಿಷ್ಟು ಗದ್ದೆ ಬಿಟ್ಟವರು, ಕೆರೆಯ ತೂಬು ಕಟ್ಟಿಸಿದವರು, ಊರಿನ ದನಗಳಿಗಾಗಿ ಹೋರಾಡಿ ಸತ್ತವರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕೈಗೆ ಸಿಕ್ಕ ಮೇಲಂತೂ ಈ ಸಣ್ಣ ಮಂದಿಯ ಮೇಲೆ ನನಗೆ ಬಂಧುಪ್ರೀತಿಯೇ ಹುಟ್ಟಿತು. ಕೊನೆಯಲ್ಲಿ ಬರುವ ಶಾಪಗಳು ಬೇರೆ. ಈ ದಾನಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ. ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ. ಎಷ್ಟೊಂದು ನಂಬಿ ಕೊಟ್ಟು, ಅದೆಷ್ಟು ಅಪನಂಬಿಕೆಯಿಂದ ಮುಗಿಸುತ್ತಿದ್ದರು ನಮ್ಮ ಜನ!

ಹೀಗೆ ತಲೆಯ ತುಂಬ ದಾನಶಾಸನಗಳನ್ನು ತುಂಬಿಕೊಂಡು ದಸರಾ ರಜಕ್ಕೆ ಊರಿಗೆ ಹೋದೆ. ಮಂಡ್ಯ ಜಿಲ್ಲೆಯ ಸಣ್ಣ ಊರು ನಮ್ಮದು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡಬೇಕು, ಅದರ ಅಂಚಿನಲ್ಲಿ ನಮ್ಮ ಎರಡನೆಯ ಅತ್ತೆಯ ಮದುವೆಯ ತಾರೀಖು ಕಂಡಿತು. ಕೊಟ್ಟವರು ಯಾರು, ಯಾರಿಗೆ, ಯಾವ ನಿಮಿತ್ತ, ಎಂದು: ಶಾಸನಕ್ಕಿರಬೇಕಾದ ಲಕ್ಷಣಗಳೆಲ್ಲ ಒಂದಂಗುಲ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಶಾಪವೊಂದು ಇರಲಿಲ್ಲ. ಅದನ್ನು ನಮ್ಮ ಮನೆಯ ಹೆಂಗಸರು, ಯಾವುದಾದರೂ ಪಾತ್ರೆ ಕಳೆದಾಗ, ಬಾಯಿಮಾತಿನಲ್ಲೇ ಪೂರೈಸುತ್ತಿದ್ದರು. ಕಾಫಿ ಲೋಟದಿಂದ ಎದ್ದವನು ಅಡುಗೆಮನೆಯ ಅಟ್ಟ ಹತ್ತಿದೆ. ಇಳಿಯುವ ಹೊತ್ತಿಗೆ ಮೈಯೆಲ್ಲ ಮಸಿ, ತಲೆಯಲ್ಲಿ ವಿಷಯ.

ಮೈಸೂರಿಗೆ ಹಿಂದಿರುಗಿ ಮೇಷ್ಟ್ರ ಮುಂದೆ ನಿಂತೆ. ಅವರು ಪೈಪಿಗೆ ತಂಬಾಕು ತುಂಬುವ ಹವ್ಯಾಸದವರಾಗಿದ್ದರು. ಹೊತ್ತಿಸಿದ್ದನ್ನು ನಾನಂತೂ ನೋಡಿಲ್ಲ.

"ಪಾತ್ರೆ ಮೇಲಿನ ಹೆಸರೇ?" ಎಂದರು. "ಆಕರ ಎಲ್ಲಿದೆಯಯ್ಯ?"

"ಅಡುಗೆಮನೆಗಳಲ್ಲಿ ಸಾರ್."

ಬಹಳ ಹೊತ್ತು ಮಾತಿಲ್ಲ. ಆಮೇಲೆ ತಮ್ಮ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ, ಉಳಿದ ನೀರು ಕುಡಿದು, ತಿರುಗಿಸಿ ನೋಡಿದರು. ಅಲ್ಲಿಂದೀಚೆಗೆ ಗಮನಿಸಿದ್ದೇನೆ, ಈ ವಿಷಯ ಕೇಳಿದ ಯಾರೂ ಕೈಲಿದ್ದ ಲೋಟವನ್ನು ಒಮ್ಮೆ ತಿರುಗಿಸದೆ ಬಿಟ್ಟಿಲ್ಲ.

"ನಮ್ಮ ಮನೇಲಿ ಒಂದು ತಪ್ಪಲೆ ಇದೆ ಕಣಯ್ಯ," ಎಂದರು ಮೇಷ್ಟ್ರು ಕೊನೆಗೆ. "ಹೆಸರು ಅರ್ಧ ಸವೆದಿದೆ. ನಮ್ಮನೆಯವಳು ಅದು ಅವರಮ್ಮ ಕೊಟ್ಟಿದ್ದು ಅಂತಾಳೆ. ನಮ್ಮಮ್ಮ ಸಾಯೋವರೆಗೂ ನಂದು ಅಂತಿದ್ದರು. ಅದನ್ನೊಂದು ತೀರ್ಮಾನ ಮಾಡಿಕೊಡೋ ಹಾಗಿದ್ದರೆ ಬರಿ."

'ಗೃಹಬಳಕೆಯ ಲೋಹಪಾತ್ರೆಗಳ ಮೇಲಿನ ಬರಹಗಳು: ಒಂದು ಅಧ್ಯಯನ' ಎಂದು ಹೆಸರಿಟ್ಟವರೂ ಅವರೇ. ಕೇಳಿದರೆ ಪಾತ್ರೆ ನೆನಪಾಗಬಾರದು, ಅಷ್ಟು ಎಚ್ಚರ ವಹಿಸಿದ್ದರು.

ಶಾಸನದ ಪಡಿಯಚ್ಚು ತೆಗೆಯುವುದಕ್ಕೆ ಒಂದು ಕ್ರಮವಿದೆ. ಕಲ್ಲನ್ನು ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಾಳಿ ಉಳಿಯದಂತೆ ಬ್ರಷ್ಷಿನಿಂದ ತಟ್ಟುತ್ತ ತಟ್ಟುತ್ತ ಅಕ್ಷರದ ತಗ್ಗಿಗೆ ಕಾಗದ ಇಳಿಯುವಂತೆ ಮಾಡಬೇಕು. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತ ಹೋದರೆ ಕಲ್ಲು ಕಪ್ಪಗೂ ಅಕ್ಷರ ಬೆಳ್ಳಗೂ ಮೂಡುತ್ತದೆ. ಕಲ್ಲಿಗೆ ಇದು ಸರಿ. ಚೊಂಬಿನ ಕಂಠಕ್ಕೆ ಹಾಸಿದ ಕಾಗದ ನೆರಿಗೆ ಬೀಳುತ್ತದೆ, ಹರಿಯುತ್ತದೆ, ಮಸಿ ಬೆರಳಿಗೆ ಬರುತ್ತದೆ. ಕೊನೆಗೆ ನಾನು ಕಂಡುಕೊಂಡ ಉಪಾಯ ಅಕ್ಕಿಹಿಟ್ಟು. ಒಂದು ಚಿಟಿಕೆ ಸವರಿ ಬೆರಳಿನಿಂದ ಒರೆಸಿದರೆ ಚುಕ್ಕೆಗಳಲ್ಲಿ ಮಾತ್ರ ಹಿಟ್ಟು ನಿಲ್ಲುತ್ತದೆ. ಕಣ್ಣಿಗೆ ಕಾಣದಿದ್ದ ಹೆಸರು ತಟಕ್ಕನೆ ಬೆಳ್ಳಗೆ ಎದ್ದು ಬರುತ್ತದೆ. ಆ ಕ್ಷಣದ ಸಂತೋಷ ಈಗಲೂ ನೆನಪಿದೆ. ಅಜ್ಜಿಗೆ ಮಾತ್ರ ಅದು ಸಂತೋಷದ ಸಂಗತಿಯಾಗಿ ಕಾಣಲಿಲ್ಲ. "ತೊಳೆದು ಬೋರಲು ಹಾಕಿದ ಪಾತ್ರೆಗೆಲ್ಲ ಹಿಟ್ಟು ಬಳೀತಾನೆ. ಮೈಸೂರಲ್ಲಿ ಇದನ್ನು ಓದಿಸ್ತಾರಂತೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಪಾತ್ರೆಶಾಸನಕ್ಕೆ ದೊಡ್ಡ ಶತ್ರು ಅಚ್ಚುಕಟ್ಟು ಎಂಬುದು ನನ್ನ ಮೊದಲ ಸಂಶೋಧನೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ದಿನಕ್ಕೆರಡು ಸಲ ಫಳಫಳ ಬೆಳಗುವ ಮನೆಗಳಲ್ಲಿ ಎರಡು ತಲೆಮಾರಿಗೆ ಹೆಸರು ಅಳಿಸಿಹೋಗಿರುತ್ತದೆ. ಸೋಮಾರಿಗಳ ಮನೆಯ ಕೊಳಗದ ಮೇಲೆ ಮುತ್ತಜ್ಜಿಯ ಹೆಸರೂ ಸ್ಪಷ್ಟ. ಇದನ್ನು ಪ್ರಬಂಧದಲ್ಲಿ ಬರೆಯಲು ಮೇಷ್ಟ್ರು ಬಿಡಲಿಲ್ಲ. ಅವರ ಮನೆಯ ತಪ್ಪಲೆಯ ಹೆಸರು ಸವೆದಿತ್ತಲ್ಲ, ಖುಷಿಯಾಗಬೇಕಿತ್ತು. ಸವೆಸಿದ್ದು ಯಾರ ಕೈ ಎಂಬ ಮುಂದಿನ ಪ್ರಶ್ನೆ ಅವರಿಗೆ ಹೊಳೆದಿರಬೇಕು.

ಊರಿನಲ್ಲಿ ನಾನು ಮನೆಮನೆಗೆ ಹೋಗಿ ಅಟ್ಟದ ಪಾತ್ರೆ ಇಳಿಸಿ ಪಟ್ಟಿ ಮಾಡುತ್ತಿದ್ದೇನೆ ಎಂಬ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾತ ಪಾಲು ಮಾಡಲು ಹೊರಟಿದ್ದಾರೆ, ಅದಕ್ಕೇ ಮೊಮ್ಮಗನಿಂದ ಲೆಕ್ಕ ಬರೆಸುತ್ತಿದ್ದಾರೆ ಎಂದರು ಕೆಲವರು. ಬೆಂಗಳೂರಿನಲ್ಲಿದ್ದ ಚಿಕ್ಕಪ್ಪ ಒಂದು ಭಾನುವಾರ, ಯಾವ ಹಬ್ಬವೂ ಇಲ್ಲದೆ, ಸಂಸಾರ ಸಮೇತ ಬಂದಿಳಿದರು. ಬೇರೆ ಮನೆಗಳಲ್ಲಿ ಇನ್ನೊಂದು ಬಗೆಯ ಕಷ್ಟ. ನಾನು ಬರುವುದು ತಿಳಿದರೆ ಒಂದೆರಡು ಪಾತ್ರೆ ಮೊದಲೇ ಒಳಗೆ ಸೇರುತ್ತಿದ್ದವು. ಒಬ್ಬರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟ ತಟ್ಟೆಯನ್ನು ಖಾಲಿ ಮಾಡುತ್ತಿದ್ದಂತೆ ರವೆಯ ನಡುವೆಯಿಂದ ಊರಿನ ರಾಮಮಂದಿರದ ಹೆಸರು ಒಂದೊಂದೇ ಅಕ್ಷರವಾಗಿ ಕಾಣಿಸಿಕೊಂಡಿತು. ಮನೆಯ ಯಜಮಾನರು ಹಿಂದೊಮ್ಮೆ ಮಂದಿರದ ಕಾರ್ಯದರ್ಶಿಗಳು. ಅವರು ಇನ್ನೊಂದು ಸೌಟು ಉಪ್ಪಿಟ್ಟನ್ನು ಆ ಹೆಸರಿನ ಮೇಲೆ ಹಾಕಿಸಿದರು. ಅರವತ್ತು ಸಾವಿರ ವರ್ಷದ ಶಾಪ ನೆನಪಾಯಿತಾದರೂ ಉಪ್ಪಿಟ್ಟು ಚೆನ್ನಾಗಿತ್ತು.

ಆದರೆ ಹೆಸರು ಹಾಕಿಸುವುದು ಯಾಕೆ ಬೇಕಿತ್ತು? ಇದಕ್ಕೆ ಉತ್ತರ ನನ್ನ ಬಾಲ್ಯದಲ್ಲೇ ಇತ್ತು. ಶಾಮಿಯಾನದ ಅಂಗಡಿಯವರು ಪಾತ್ರೆ ಬಾಡಿಗೆಗೆ ಕೊಡಲು ಶುರುಮಾಡುವ ಮೊದಲು ಒಂದು ಮನೆಯ ಮದುವೆಯೆಂದರೆ ಇಡೀ ಬೀದಿಯ ಪಾತ್ರೆಗಳು ಅಲ್ಲಿಗೆ ಹೋಗುತ್ತಿದ್ದವು. ಬೀಗರ ಔತಣ ಮುಗಿದ ಮಧ್ಯಾಹ್ನ ಹಿತ್ತಿಲಲ್ಲಿ ಅವುಗಳ ರಾಶಿ. ಹಂಡೆ, ಕೊಳಗ, ಕಡಾಯಿ, ಬೋಸಿ, ಜಾಲರಿ ಸೌಟು, ಮೊರದಷ್ಟಗಲದ ತಟ್ಟೆಗಳು. ಓದಲು ಬರುವ ಹುಡುಗರನ್ನು ಅದರ ನಡುವೆ ಕೂರಿಸುತ್ತಿದ್ದರು. ನಾವು ಹೆಸರು ಕೂಗುವುದು, ಆ ಮನೆಯವರು ಬಂದು ಎತ್ತಿಕೊಂಡು ಹೋಗುವುದು. ನಮ್ಮ ಓದಿಗೆ ಊರಿನಲ್ಲಿ ಇದ್ದ ಬೆಲೆಯನ್ನು ನಾವು ತಿಳಿದದ್ದು ಅಲ್ಲಿ. ಸಂಜೆಯಾಗುವಾಗ ಯಾರೂ ಬಾರದ ನಾಲ್ಕೈದು ಪಾತ್ರೆ ಉಳಿಯುತ್ತಿದ್ದವು. ಅವು ಮದುವೆಯ ಮನೆಯಲ್ಲೇ ನಿಂತು, ಮುಂದಿನ ಮದುವೆಗೆ ಆ ಮನೆಯವರದಾಗಿಯೇ ಹೋಗುತ್ತಿದ್ದವು. ಬಾಡಿಗೆ ಪಾತ್ರೆ ಬಂದ ಮೇಲೆ ಎಲ್ಲದರ ಮೇಲೂ ಅಂಗಡಿಯ ಒಂದೇ ಹೆಸರು, ಕೂಗುವ ಕೆಲಸ ತಪ್ಪಿತು. ಬೀದಿಯವರಿಗೆ ಒಬ್ಬರ ಪಾತ್ರೆ ಇನ್ನೊಬ್ಬರ ಮನೆಯಲ್ಲಿ ಇರುವ ಸಂದರ್ಭವೂ, ಅದರಿಂದ ಹುಟ್ಟುತ್ತಿದ್ದ ಜಗಳವೂ, ಜಗಳ ಬಿಡಿಸಲು ಹೋಗಿ ಕುಡಿದು ಬರುತ್ತಿದ್ದ ಕಾಫಿಯೂ ಕಡಿಮೆಯಾದವು.

ಲೋಹ ಬದಲಾದಾಗ ಬರಹವೂ ಬದಲಾಯಿತು. ಹಿತ್ತಾಳೆ ತಾಮ್ರಗಳ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರ. ಇಂಥವುಗಳಲ್ಲಿ ಹೆಚ್ಚಿನವು ಹೆಂಗಸರ ಹೆಸರು, ಅದೂ ಬರೀ ಹೆಸರು. ಯಾರ ಮಗಳು, ಯಾರ ಹೆಂಡತಿ ಎಂಬುದಿಲ್ಲ. ಸ್ಟೀಲು ಬಂದ ಮೇಲೆ ಪಾತ್ರೆ ಅಂಗಡಿಯ ಕರೆಂಟ್ ಮೆಷಿನ್ನು ಬಂತು. ಅದು ರ್ರ್ ಎಂದು ಸದ್ದು ಮಾಡುತ್ತ, ಹಲ್ಲು ಜುಮ್ಮೆನ್ನಿಸುತ್ತ ಹೆಸರು ಕೊರೆಯುತ್ತದೆ. ಸ್ಟೀಲಿನ ಮೇಲೆ ಗಂಡಸರು ಕಾಣಿಸಿಕೊಂಡರು: ಇನಿಷಿಯಲ್ಲು, ಹುದ್ದೆ, ಆಫೀಸು, 'ಶುಭ ಹಾರೈಕೆಗಳೊಂದಿಗೆ'. ಆಮೇಲಾಮೇಲೆ ಇಂಗ್ಲಿಷ್ ಅಕ್ಷರ. ಹಳೇ ಬಟ್ಟೆಗೆ ಪಾತ್ರೆ ಕೊಡುವವರಿಂದ ಕೊಂಡವುಗಳ ಮೇಲೆ ಮಾತ್ರ ಯಾರ ಹೆಸರೂ ಇರುತ್ತಿರಲಿಲ್ಲ. ತಾತನ ಹಳೆಯ ಪಂಚೆ, ಅತ್ತೆಯ ಜರಿ ಹೋದ ಸೀರೆ ಡಬರಿಯಾಗಿ ಮನೆಗೆ ಬಂದದ್ದನ್ನು ಯಾರು ಬರೆಸುತ್ತಾರೆ?

ಈ ಹೆಸರುಗಳನ್ನು ಕೊರೆದವರ ಹೆಸರು ಎಲ್ಲೂ ಸಿಗಲಿಲ್ಲ ಎಂಬುದು ನನಗೆ ಚುಚ್ಚುತ್ತಿತ್ತು. ಮೊಳಕಾಲ್ಮುರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ತಾನು ಲಿಪಿಕಾರ ಎಂಬ ಮಾತನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದು ಸ್ವಲ್ಪ ಬೀಗಿದ್ದಾನೆ ಕೂಡ. ಚಕ್ರವರ್ತಿಯ ಕಲ್ಲಿನ ಮೇಲೆ ಕಾರಕೂನ ತನ್ನ ರುಜು ಹಾಕಿದ ಧೈರ್ಯ ಎಂಥದು! ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕಡೆದ ವಿಗ್ರಹದಡಿ ಹೆಸರು ಬಿಟ್ಟಿದ್ದಾರೆ. ಊರ ಹೆಂಗಸರ ಹೆಸರನ್ನೆಲ್ಲ ಕುಟ್ಟಿದ ಕಂಚುಗಾರರಿಗೆ ಆ ಆಸೆ ಬರಲಿಲ್ಲವೋ, ಚೊಂಬಿನಲ್ಲಿ ಜಾಗ ಸಾಲಲಿಲ್ಲವೋ. ಅವರನ್ನು ಗುರುತಿಸುವ ಒಂದೇ ದಾರಿ ಅವರ ಕಾಗುಣಿತದ ತಪ್ಪುಗಳು. ಒಬ್ಬನ ಕೈ ದೀರ್ಘವನ್ನು ಬಿಟ್ಟುಬಿಡುತ್ತದೆ. ಇನ್ನೊಬ್ಬನಿಗೆ ಒತ್ತಕ್ಷರ ಕಂಡರಾಗದು. ಉಳಿ ಹಿಡಿದವನಿಗೆ ಒತ್ತಕ್ಷರ ನಿಜಕ್ಕೂ ಕಷ್ಟ, ಅಕ್ಷರದ ಕಾಲಬುಡದಲ್ಲಿ ಇನ್ನೊಂದನ್ನು ಕುಟ್ಟಬೇಕು.

ನಮ್ಮ ಮನೆಯ ಗಂಟು ಬಿಚ್ಚಿದ್ದು ಇಂಥದೊಂದು ಒತ್ತಕ್ಷರದಿಂದ.

ನಮ್ಮ ಅಟ್ಟದ ಹಿತ್ತಾಳೆ ಪಾತ್ರೆಗಳಲ್ಲಿ ದೊಡ್ಡ ಪಾಲು ತಾತನ ತಾಯಿ ರತ್ನಮ್ಮನವರದು. ಕೊಳಗ, ಹಂಡೆ, ಬಿಂದಿಗೆ, ದೊಡ್ಡ ತಟ್ಟೆ ಎಲ್ಲದರ ಮೇಲೂ ನೆಟ್ಟಗೆ, ಗಂಭೀರವಾಗಿ 'ರತ್ನಮ್ಮ'. ತಕಾರಕ್ಕೆ ನಕಾರದ ಒತ್ತು, ಮಕಾರಕ್ಕೆ ಮಕಾರದ ಒತ್ತು, ಯಾವುದರಲ್ಲೂ ಲೋಪವಿಲ್ಲ. ಆದರೆ ಬಚ್ಚಲ ಕಡೆಯ ಗೂಡಿನಲ್ಲಿ ಇರುತ್ತಿದ್ದ ಮಧ್ಯಮ ಗಾತ್ರದ ಚೊಂಬಿನ ಕಂಠದಲ್ಲಿ, ಬಲಕ್ಕೆ ವಾಲಿದ ದೊಡ್ಡ ದೊಡ್ಡ ಚುಕ್ಕೆಗಳಲ್ಲಿ, 'ರತನ' ಎಂದಿತ್ತು. ಒಂದು ತಂಬಿಗೆ, ಎರಡು ಲೋಟಗಳ ಮೇಲೂ ಅದೇ ಕೈ. ಕುಟ್ಟಿದವನು ಬೇರೆ, ಕುಟ್ಟಿಸಿದ ಮನೆಯೂ ಬೇರೆ ಎಂದು ನನಗೆ ಖಾತ್ರಿಯಾಯಿತು. ಮೇಷ್ಟ್ರಿಗೆ ನಕಲು ತೋರಿಸಿದೆ. "ಒಂದೇ ಹೆಸರಿನ ಇಬ್ಬರು ಇರಬಹುದಲ್ಲಯ್ಯ. ಇಮ್ಮಡಿ ಪುಲಕೇಶಿ ಇಲ್ಲವೇ? ಇಮ್ಮಡಿ ರತ್ನಮ್ಮನನ್ನು ಹುಡುಕು," ಎಂದರು.

ಹುಡುಕಿದೆ. ತಾತ ಪೇಪರಿನಿಂದ ಕಣ್ಣೆತ್ತದೆ, "ಎಲ್ಲ ನಮ್ಮಮ್ಮನದೇ," ಎಂದರು. ದೊಡ್ಡಪ್ಪ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ದೊಡ್ಡತ್ತೆಗೆ ಹಳೆಯದೆಲ್ಲ ಗೊತ್ತು ಎಂಬ ಖ್ಯಾತಿಯಿತ್ತು. ಅವರು ಆ ಚೊಂಬು ಯಾರೋ ಯಾತ್ರೆಗೆ ಹೋದವರು ಬಿಟ್ಟುಹೋದದ್ದು ಎಂದು ಕತೆಯನ್ನೇ ಕಟ್ಟಿ, ಮರುದಿನ ಕೇಳಿದಾಗ ಯಾತ್ರೆಯನ್ನು ಕಾಶಿಯಿಂದ ರಾಮೇಶ್ವರಕ್ಕೆ ತಿರುಗಿಸಿದರು. ಅಜ್ಜಿಯನ್ನು ಕೇಳಿದಾಗೆಲ್ಲ, "ಪಾತ್ರೆ ತೊಳೆಯೋಕೆ ಬಿಡ್ತೀಯೋ ಇಲ್ಲವೋ," ಎಂದು ಗದರಿಸುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಹಿತ್ತಿಲ ಕಲ್ಲಿನ ಬಳಿ ಅವಳು ಕೂತು ಬೆಳಗುತ್ತಿದ್ದಳು. ನಾನು ಬಾವಿಕಟ್ಟೆಯ ಮೇಲೆ ಪಟ್ಟಿ ಸರಿಮಾಡುತ್ತ ಕೂತಿದ್ದೆ. ಅವಳ ಕೈ ಪಾತ್ರೆಗಳ ಮೇಲೆ ಒಂದೇ ವೇಗದಲ್ಲಿ ಹೋಗುತ್ತಿತ್ತು. ಆ ಚೊಂಬು ಬಂದಾಗ ಮಾತ್ರ ಕಂಠದ ಹತ್ತಿರ ನಾರನ್ನು ಬಿಟ್ಟು, ಹುಣಸೆಹಣ್ಣಿನ ತಿರುಳನ್ನು ಬೆರಳತುದಿಯಲ್ಲಿ ತೆಗೆದುಕೊಂಡು ಅಕ್ಷರಗಳ ಸುತ್ತ ಮೆಲ್ಲಗೆ ಸವರಿದಳು. ಬೇರೆ ಚೊಂಬುಗಳ ಹೆಸರು ಸವೆದು, ಇದೊಂದು ಯಾಕೆ ಇಷ್ಟು ಹೊಸದಾಗಿ ಉಳಿದಿದೆ ಎಂಬುದು ನನಗೆ ಆಗ ಹೊಳೆಯಿತು.

"ಅಜ್ಜಿ, ಅದು ಯಾರದು?"

"ನಂದು," ಎಂದಳು, ತಲೆಯೆತ್ತದೆ.

ಅವಳ ಹೆಸರು ಸೀತಮ್ಮ. ನಾನು ಹುಟ್ಟಿದಾಗಿನಿಂದ ಊರೂ ಕೇರಿಯೂ ರೇಷನ್ ಕಾರ್ಡೂ ಹಾಗೇ ಹೇಳುತ್ತಿದ್ದವು.

ನೀರು ಹಾಕುತ್ತ, ಪಾತ್ರೆ ಬೋರಲು ಹಾಕುತ್ತ ಅವಳು ಹೇಳಿದ್ದಿಷ್ಟು. ತವರಿನಲ್ಲಿ ಅವಳು ರತ್ನ. ಮದುವೆಗೆಂದು ಅವರಪ್ಪ ನಾಗಮಂಗಲದ ಕಂಚುಗಾರರ ಹತ್ತಿರ ನಾಲ್ಕು ಸಾಮಾನು ಮಾಡಿಸಿ ಹೆಸರು ಹಾಕಿಸಿದ. ಇಲ್ಲಿಗೆ ಬಂದರೆ ಅತ್ತೆಯ ಹೆಸರೂ ಅದೇ. "ರತ್ನಾ ಅಂತ ಒಳಗಿಂದ ಕೂಗಿದರೆ ಯಾರನ್ನ ಕೂಗಿದ ಹಾಗಾಯ್ತು? ಅತ್ತೆ ಹೆಸರು ಹಿಡಿದು ಬೈಯೋದು ಉಂಟಾ? ಬೈಯೋಕೆ ಬೇರೆ ಹೆಸರು ಬೇಕಿತ್ತು." ಮನೆ ತುಂಬಿಸಿಕೊಂಡ ದಿನವೇ ಸೀತಮ್ಮ ಎಂದು ಕರೆದರು. ಅವಳಿಗೆ ಆಗ ಹದಿನಾಲ್ಕು.

"ಬೇಜಾರಾಗಲಿಲ್ವಾ?"

"ಬೇಜಾರಿಗೆ ಪುರುಸೊತ್ತೆಲ್ಲಿತ್ತು? ಮೊದಮೊದಲು ಸೀತಾ ಅಂದರೆ ನಾನು ತಿರುಗಿ ನೋಡ್ತಾನೇ ಇರಲಿಲ್ಲ. ಹುಡುಗಿಗೆ ಕಿವಿ ಮಂದ ಅಂದುಕೊಂಡು ನಮ್ಮತ್ತೆ ದಿನಾ ರಾತ್ರಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡೋರು. ಒಳ್ಳೇ ಹೆಂಗಸು, ಪಾಪ. ಎಣ್ಣೆ ಬಿಸಿ ಇದೆಯಾ ಅಂತ ತಮ್ಮ ಕಿವಿಗೆ ಒಂದು ಹನಿ ಹಾಕಿಕೊಂಡು ನೋಡೇ ನಂಗೆ ಬಿಡೋರು." ಅಜ್ಜಿ ನಗುತ್ತಿದ್ದಳು. ನಾನೂ ನಕ್ಕೆ. "ನಿಮ್ಮ ತಾತ ಏನು, ಎರಡರಲ್ಲಿ ಒಂದಾದರೂ ಕರೆದರೇನು? 'ಇವಳೇ'. ಇಷ್ಟು ವರ್ಷವೂ 'ಇವಳೇ'. ಅದಕ್ಕೆ ಯಾಕೆ ಹೆಸರು ಬದಲಾಯಿಸಬೇಕಿತ್ತು ಹೇಳು."

ಅವಳು ಶಾಲೆಗೆ ಹೋದವಳಲ್ಲ. ವೃದ್ಧಾಪ್ಯದಲ್ಲಿ ಬ್ಯಾಂಕಿನವರು ರುಜು ಕೇಳಿದರೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು. ಆವತ್ತು, ಒದ್ದೆ ಕಲ್ಲಿನ ಮೇಲೆ ಉಳಿದಿದ್ದ ಬೂದಿಯಲ್ಲಿ, ಬಲಕ್ಕೆ ವಾಲಿದ ದೊಡ್ಡ ಅಕ್ಷರಗಳಲ್ಲಿ 'ರತನ' ಎಂದು ಬರೆದು ತೋರಿಸಿದಳು. ಚೊಂಬಿನ ಮೇಲೆ ಬೆರಳಾಡಿಸಿ ಆಡಿಸಿಯೇ ಕಲಿತದ್ದಂತೆ. ಅವಳಿಗೆ ಬರೆಯಲು ಬರುತ್ತಿದ್ದದ್ದು ಅವು ಮೂರೇ ಅಕ್ಷರ, ಅವುಗಳಿಂದ ಯಾವ ಬ್ಯಾಂಕೂ ಹಣ ಕೊಡುತ್ತಿರಲಿಲ್ಲ. ಕಂಚುಗಾರನ ತಪ್ಪೂ ಹಾಗೇ ಉಳಿದಿತ್ತು. ಒತ್ತಕ್ಷರ ಹೇಳಿಕೊಡಲೇ ಎಂದು ಬಾಯಿಗೆ ಬಂದಿತ್ತು, ಎಂ.ಎ.ಯವನ ಬಾಯಿ, ಬರುವುದು ಸಹಜ. ಬಿಟ್ಟೆ.

ಅದರ ಬದಲು ಮೇಷ್ಟ್ರ ಮಾತು ಹೇಳಿದೆ. ರಾಜರಲ್ಲಿ ಒಂದೇ ಹೆಸರಿನವರು ಬಂದರೆ ಎರಡನೆಯವರನ್ನು ಇಮ್ಮಡಿ ಎನ್ನುತ್ತಾರೆ, ನೀನು ಇಮ್ಮಡಿ ರತ್ನಮ್ಮ ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಯೋಚಿಸಿದಳು.

"ಅಂದರೆ ಒಂದನೇದು ನಮ್ಮತ್ತೇನೇ ಅಲ್ಲವಾ?"

"ಹೌದು."

"ಅಲ್ಲೂ ಅವರೇ ಮುಂದೆ," ಎಂದು ಪಾತ್ರೆ ಬುಟ್ಟಿ ಎತ್ತಿಕೊಂಡು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ, "ಅದನ್ನೆಲ್ಲ ಪುಸ್ತಕದಲ್ಲಿ ಬರೀಬೇಡ ಕಣೋ. ಈ ವಯಸ್ಸಲ್ಲಿ ಆ ಹೆಸರೆತ್ತಿದರೆ ಊರವರು ನಗ್ತಾರೆ. ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ದೀನಿ, ಇರಲಿ ಬಿಡು," ಎಂದಳು.

ಆದ್ದರಿಂದ ನನ್ನ ಕಿರುಪ್ರಬಂಧದ ಅನುಬಂಧದಲ್ಲಿ ಆ ಚೊಂಬಿನ ಮುಂದೆ 'ಯಾರೆಂದು ತಿಳಿದುಬಂದಿಲ್ಲ' ಎಂದಿದೆ. ಇಡೀ ಪ್ರಬಂಧದಲ್ಲಿ ನನಗೆ ನಿಜವಾಗಿ ತಿಳಿದಿದ್ದ ಸಂಗತಿ ಅದೊಂದೇ ಎಂದರೂ ಸುಳ್ಳಲ್ಲ. ಉಳಿದೆಲ್ಲ ಊಹೆ, ಕೋಷ್ಟಕ, ಅಡಿಟಿಪ್ಪಣಿ. ಇದಾದ ಮೇಲೆ ದೊಡ್ಡ ದೊಡ್ಡ ಸಂಪುಟಗಳಲ್ಲಿ 'ಈತನ ವಿಷಯ ಬೇರೇನೂ ತಿಳಿಯದು' ಎಂಬಂಥ ಸಾಲು ಕಂಡಾಗ ನನಗೆ ಸಣ್ಣ ಗುಮಾನಿ ಬರುತ್ತದೆ. ಕಲ್ಲು ಓದಲು ಬಂದವರ ಕುದುರೆಗೆ ನೀರು ಕೊಟ್ಟ ಊರ ಮುದುಕಿಗೆ ಅಷ್ಟಿಷ್ಟು ಗೊತ್ತಿದ್ದಿರಬೇಕು. ಕೇಳಿದಾಗ ಅವಳು ಪಾತ್ರೆ ತೊಳೆಯುತ್ತಿದ್ದಿರಬೇಕು.

ಈಗ ಅಜ್ಜಿಯಿಲ್ಲ, ತಾತನಿಲ್ಲ, ನಗಬಹುದಾಗಿದ್ದ ಊರವರೂ ಬಹುಪಾಲು ಇಲ್ಲ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಪ್ರಬಂಧವನ್ನು ಟೈಪು ಮಾಡಿಕೊಟ್ಟವರು ಕೊಳಗಗಳನ್ನೆಲ್ಲ ಕೊಳಲು ಮಾಡಿದ್ದರು. ಒಂದು ಅಧ್ಯಾಯದ ತುಂಬ ಮುತ್ತಜ್ಜಿಯರು ತವರಿನಿಂದ ಕೊಳಲು ತಂದಿದ್ದರು. ತಿದ್ದಿ, ಕಂದು ರೆಕ್ಸಿನ್ನಿನ ಬೈಂಡು ಹಾಕಿಸಿ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯರು ಇದರಿಂದ ಸಮಾಜಕ್ಕೇನು ಪ್ರಯೋಜನ ಎಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ಕಾಫಿ ಬಂತು. ಅವರು ಮಾತು ನಿಲ್ಲಿಸಿ ಕುಡಿದು, ಲೋಟ ತಿರುಗಿಸಿ ನೋಡಿ, ಯಾವುದೋ ಹೋಟೆಲಿನ ಹೆಸರು ಕಂಡು, ನಮ್ಮ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪೈಪಿಗೆ ತಂಬಾಕು ತುಂಬತೊಡಗಿದರು. ಪ್ರಯೋಜನದ ಪ್ರಶ್ನೆ ಮತ್ತೆ ಬರಲಿಲ್ಲ. ಅಂದಹಾಗೆ ಮೇಷ್ಟ್ರ ಮನೆಯ ತಪ್ಪಲೆಯನ್ನೂ ನಾನು ಹಿಟ್ಟು ಸವರಿ ನೋಡಿದ್ದೆ. ಅದರ ಮೇಲಿದ್ದದ್ದು ಅವರಮ್ಮನದೂ ಅಲ್ಲ, ಹೆಂಡತಿಯ ತಾಯಿಯದೂ ಅಲ್ಲ, ಪಕ್ಕದ ಮನೆಯವರದು. ಇಬ್ಬರೂ ಸೋತದ್ದರಿಂದ ಮನೆಯಲ್ಲಿ ನೆಮ್ಮದಿ ನೆಲಸಿತೆಂದು ಕೇಳಿದೆ. ತಪ್ಪಲೆ ಹಿಂದಕ್ಕೆ ಹೋದಂತೆ ಕಾಣಲಿಲ್ಲ.

ಪ್ರಯೋಜನ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಜ್ಜಿಯ ವರ್ಷಾಬ್ದಿಕ ಮುಗಿದು ಮನೆ ಪಾಲಾಗುವಾಗ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರು ಎಲ್ಲರ ಕೈಯಲ್ಲೂ ನನ್ನ ಅನುಬಂಧದ ಜೆರಾಕ್ಸು. ನನ್ನ ಬರಹವನ್ನು ಅಷ್ಟು ಆಸಕ್ತಿಯಿಂದ, ಅಷ್ಟು ಜನ, ಬೆರಳಿಟ್ಟು ಓದಿದ್ದು ಅದೇ ಮೊದಲು, ಅದೇ ಕೊನೆ. ಹಜಾರದಲ್ಲಿ ಪಾತ್ರೆಗಳ ರಾಶಿ. ದೊಡ್ಡಪ್ಪ ಕನ್ನಡಕ ಏರಿಸಿ ಕ್ರಮವಾಗಿ ಓದುವುದು, ಹೆಸರಿನ ಪ್ರಕಾರ ಹಂಚುವುದು. ರತ್ನಮ್ಮನವರದು ಗಂಡುಮಕ್ಕಳಿಗೆ ಎಂದಾಯಿತು. ಸ್ಟೀಲು ಆಯಾ ಮದುವೆಯವರಿಗೆ. ತಕರಾರೇ ಬರಲಿಲ್ಲ.

"ಚೊಂಬು, ಹಿತ್ತಾಳೆ, ಮಧ್ಯಮ ಗಾತ್ರ. ಬರಹ: ರತನ. ಯಾರೆಂದು ತಿಳಿದುಬಂದಿಲ್ಲ," ಎಂದು ಓದಿ ದೊಡ್ಡಪ್ಪ ತಲೆಯೆತ್ತಿದರು.

ಯಾರೂ ಕೈಚಾಚಲಿಲ್ಲ. ಎಲ್ಲೋ ಮದುವೆ ಮನೆಯಲ್ಲಿ ಅದಲುಬದಲಾಗಿ ಬಂದದ್ದಿರಬೇಕು, ಪರರ ವಸ್ತು ನಮಗೆ ಬೇಡ ಎಂದರು ಚಿಕ್ಕಪ್ಪ. ಗುಜರಿಗೆ ಹಾಕಿದರಾಯಿತು ಎಂದರು ಚಿಕ್ಕತ್ತೆ. ದೊಡ್ಡತ್ತೆ ರಾಮೇಶ್ವರದ ಯಾತ್ರಿಕರನ್ನು ಇನ್ನೊಮ್ಮೆ ನೆನೆದರು. ಹಾಗಿದ್ದರೆ ನಾನು ಇಟ್ಟುಕೊಳ್ಳುತ್ತೇನೆ ಎಂದೆ.

ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿದರು. "ಯಾಕೋ? ಯಾರದ್ದು ಅಂತ ನಿನಗೆ ಗೊತ್ತಾ?"

"ಪುಸ್ತಕದಲ್ಲೇ ಇದೆಯಲ್ಲ ದೊಡ್ಡಪ್ಪ."

"ಏನು ಎಂ.ಎ. ಓದಿದೆಯೋ! ಊರೆಲ್ಲ ಹಿಟ್ಟು ಬಳಿದು ಬಂದೆ, ಮನೇದೊಂದು ಚೊಂಬು ಯಾರದು ಅಂತ ಕಂಡುಹಿಡಿಯೋಕಾಗಲಿಲ್ಲ ನಿನ್ನ ಕೈಲಿ," ಎಂದು ಅದನ್ನು ನನ್ನ ಕಡೆ ತಳ್ಳಿ, ದೊಡ್ಡಪ್ಪ ಮುಂದಿನ ಕೊಳಗಕ್ಕೆ ಹೋದರು.